ಬೆನ್ನು ಸವೆದ ಕಲ್ಲು

ಅಕ್ಕಾ,

ನೀನಿರುವ ಕಡೆಗೆ ಅಂಚೆ ಹೋಗುವುದಿಲ್ಲ ಎಂದು ಗೊತ್ತು. ಆದರೂ ಇವತ್ತಿನದನ್ನು ನಿನಗೇ ಹೇಳಬೇಕು ಅನ್ನಿಸಿತು.

ಮಧ್ಯಾಹ್ನ ನಮ್ಮ ಮ್ಯೂಸಿಯಮ್ಮಿಗೆ ಹೊಳೆಯಲ್ಲಿ ಸಿಕ್ಕ ಹಳೇ ಕಲ್ಲೊಂದು ಬಂತು. ಅದರ ದುಂಡು ಹೊಟ್ಟೆಯನ್ನು ನೀರೇ ತಿದ್ದಿತ್ತು. ಕತ್ತಿನ ಗೆರೆಯೊಂದನ್ನು ಮಾತ್ರ ಯಾರೋ ಕೊರೆದಿದ್ದರು.

"ಬಸುರಿ ಹೆಂಗಸಿನ ರೂಪ. ಮಕ್ಕಳಾಗ್ಲಿ ಅಂತ ಬೇಡ್ಕೊಳ್ಳೋರು ಇಟ್ಕೊಂಡಿದ್ದು. ಚೀಟೀಲಿ ಹಾಗೇ ಬರೆದುಬಿಡು" ಎಂದರು ನಮ್ಮ ಮೇಡಂ.

ಬರೆಯುವ ಮುಂಚೆ ಕಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹೊಟ್ಟೆ ಮಂಕಾಗಿತ್ತು. ಹೊಳೆಯುತ್ತಿದ್ದುದು ಬೆನ್ನು, ಅದೂ ಅಂಗೈಯಗಲ ಮಾತ್ರ, ಎಷ್ಟೋ ಕಾಲ ಯಾರೋ ತಟ್ಟಿ ಸವರಿದ ಹಾಗೆ. ಬೇಡಿಕೊಳ್ಳುವವರು ಬೆನ್ನು ತಟ್ಟುತ್ತಾರೆಯೇ? ಕೋಣೆಯೆಲ್ಲ ನೀರಿನಡಿಗೆ ಇಳಿದಂತೆ ಸದ್ದಡಗಿತು. ನನಗೇ ತಿಳಿಯದೆ ಕಲ್ಲು ನನ್ನ ಎಡತೋಳಿಗೆ ಬಂದು ಒರಗಿತ್ತು.

"ಏನಮ್ಮಾ, ಮಲಗಿಸ್ತಿದ್ದೀಯಾ?" ಎಂದು ಮೇಡಂ ನಕ್ಕರು.

ಚೀಟಿ ಇನ್ನೂ ಖಾಲಿಯಿದೆ, ಅಕ್ಕಾ. ನೀನು ಹೆರಿಗೆ ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ಆ ವಾರವೇ ಕಣ್ಣಿಗೆ ಕಟ್ಟಿದೆ. ಬಾಗಿಲಿಗೆ ಒತ್ತಿಡುತ್ತಿದ್ದ ಕಲ್ಲನ್ನು ನೀನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನಾನಿನ್ನೂ ಲಂಗದ ಹುಡುಗಿ. ಅಮ್ಮ ಒಳಗಿನಿಂದ ಕೂಗಿದಳು: "ಗಾಳಿಗೆ ಬಾಗಿಲು ಬಡ್ಕೊಳ್ತಿದೆ, ಆ ಕಲ್ಲೆಲ್ಲಿ ಹೋಯ್ತು ನೋಡೇ!"

ನಾನು ಕೈ ಚಾಚಿದೆ. ನೀನು ಬಿಚ್ಚಿ ಕೊಟ್ಟೆ.

ಆಮೇಲೂ ನಿನ್ನ ಕೈ ಆ ಖಾಲಿ ಟವೆಲ್ಲನ್ನು ಮೆಲ್ಲಗೆ ತಟ್ಟುತ್ತಲೇ ಇತ್ತು.