ಗುಳಿ ಬಿದ್ದ ಪಾದ

ಮಂಗಳವಾರ, ನವೆಂಬರ್ ೧೪

ಅಮ್ಮ ಇವತ್ತೂ ಪ್ರಾರ್ಥನೆಗೆ ಕೂರಲಿಲ್ಲ.

ನಮ್ಮ ಮನೆಯಲ್ಲಿರುವುದು ಅಜ್ಜಿಯ ಕಾಲದ ಮರದ ಮರಿಯಮ್ಮ, ಯೇಸುವಿನ ತಾಯಿಯ ಪ್ರತಿಮೆ. ಪ್ರಾರ್ಥಿಸುವಾಗ ಮೊದಲು ಅಜ್ಜಿ, ಆಮೇಲೆ ಅಮ್ಮ ಹೆಬ್ಬೆರಳಿನಿಂದ ಸವರಿ ಸವರಿ ಎಡಪಾದದಲ್ಲಿ ಗುಳಿ ಬಿದ್ದಿತ್ತು. ಮೈಮೇಲಿನ ಚಿನ್ನದ ರೇಕೂ ಎದ್ದುಹೋಗಿತ್ತು. ಅಮ್ಮನಿಗೆ ಖುಷಿಯಾಗಲಿ ಎಂದು ಕೆತ್ತನೆಯವನಿಗೆ ಕೊಟ್ಟೆ. ಅವನು ಗುಳಿ ತುಂಬಿ, ಪಾದವನ್ನು ಹೊಸದಾಗಿ ಕೆತ್ತಿ, ರೇಕು ಹೊದಿಸಿ ನಿನ್ನೆ ತಂದುಕೊಟ್ಟ. ಕಣ್ಣು ಕೋರೈಸುವಂತಿದೆ. ಅಮ್ಮನಿಗೆ ಕಣ್ಣು ಹೋಗಿ ಎಷ್ಟೋ ಕಾಲವಾಯಿತು. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ನಿನ್ನೆ ಸಂಜೆ ಪ್ರಾರ್ಥನೆಗೆಂದು ಅಮ್ಮ ಎಂದಿನಂತೆ ಕೈ ಚಾಚಿದಳು. ಕೈ ಪಾದದ ಮೇಲೆ ಹಾಗೇ ನಿಂತಿತು.

"ಇದು ಯಾರದು?"

"ನಮ್ಮದೇ ಅಮ್ಮ. ಚಿನ್ನ ಹಾಕ್ಸಿದೀನಿ."

"ನಮ್ಮದಕ್ಕೆ ಗುಳಿ ಇತ್ತಲ್ಲ." ಮೆತ್ತಗೆ ಕೇಳಿದಳು, "ಮಾರಿಬಿಟ್ಯಾ? ಹೇಳು, ಬೈಯಲ್ಲ."

ಮಾರಿಲ್ಲ ಎಂದು ಆಣೆ ಇಟ್ಟೆ. ಅಣ್ಣನೂ ಹೀಗೇ ಆಣೆ ಇಟ್ಟಿದ್ದ, ಅವಳ ಬಳೆ ಮಾರಿ ಬಂದ ದಿನ. ಅವಳು "ಹೂಂ" ಅಂದಳು, ಅಷ್ಟೇ.

ಇವತ್ತು ಮಧ್ಯಾಹ್ನ ತಡೆಯಲಾಗಲಿಲ್ಲ. ಮರ ನುಣುಪು ಮಾಡುವ ಉಪ್ಪುಕಾಗದ ತಂದು ಆ ಪಾದವನ್ನು ಉಜ್ಜುತ್ತಾ ಕೂತೆ. ಚಿನ್ನ ಹೋಯಿತು, ಕೆತ್ತಿದ ಬೆರಳುಗಳು ಹೋದವು, ಕೊನೆಗೆ ಗುಳಿಯೂ ಬಿತ್ತು. ಅಮ್ಮನ ಕೈ ಹಿಡಿದು ತಂದು ಅದರ ಮೇಲಿಟ್ಟೆ. ಹೆಬ್ಬೆರಳು ಒಮ್ಮೆ ಒಳಗಿಳಿಯಿತು, ಅತ್ತಿತ್ತ ಹುಡುಕಿತು. ಆಮೇಲೆ ಅವಳು ಕೈ ಹಿಂದಕ್ಕೆಳೆದುಕೊಂಡು ನನ್ನ ತಲೆ ಸವರಿದಳು.

"ಬೇಡ ಬಿಡು ಮಗಳೇ. ಒಂದು ಸುಳ್ಳಿಗೆ ಇಷ್ಟೊಂದು ಕಷ್ಟಪಡಬಾರದು."