ಶನಿವಾರ, ಭಾನುವಾರದ ಎಂಬಿಎ

ಮಖ್ತಲ್, ಗುರುವಾರ, ೧೨ ಜೂನ್ ೨೦೨೫

ವಾರದಿಂದ ತಲೆ ತಿನ್ನುತ್ತಿದ್ದ ಪ್ರಶ್ನೆ ಇವತ್ತು ಬಗೆಹರಿಯಿತು. ಹೈದರಾಬಾದಿಗೆ ಹೋಗಿ ಎಂಬಿಎ ಓದಿದರೆ ಕೂಸನ್ನೂ ಸೀರೆ ಅಂಗಡಿಯನ್ನೂ ಬಿಡಬೇಕು. ಮನೆಯಲ್ಲೇ ಆನ್‌ಲೈನ್ ಓದುತ್ತೇನೆ ಎಂದು ಊಟಕ್ಕೆ ಕೂತಾಗ ಹೇಳಿದೆ.

ಅತ್ತೆ ಒಪ್ಪಲಿಲ್ಲ. "ಮನ್ಯಾಗ ಕುಂತ್ರ ಕೂಸು ಅತ್ತಾಗೊಮ್ಮೆ ಏಳ್ತಿ. ಯಾರರೆ ಬಂದ್ರ ಚಾ ಮಾಡಾಕ ಏಳ್ತಿ. ಓದೋದು ಯಾವಾಗ? ರಾಯಚೂರಾಗ ಶನಿವಾರ, ಐತವಾರ ಕ್ಲಾಸ್ ಅದಾವಂತಲ್ಲ, ಅಲ್ಲಿ ಹೋಗು. ಕೂಸು, ಅಂಗಡಿ ನಾ ನೋಡ್ಕೋತೀನಿ."

"ನಿಮಗ ಮೊಣಕಾಲು ನೋವು ಐತಲ್ರೀ ಅತ್ತಿ?"

"ನೀ ಇಲ್ಲೇ ಕುಂತ್ರ ಅದು ಹೋಗ್ತೈತೇನು?"

ಗಂಡ ನಕ್ಕರು. ನನ್ನ ಆಸೆಯನ್ನು ನಾನೇ ಚಿಕ್ಕದು ಮಾಡಿಕೊಳ್ಳುತ್ತಿದ್ದೆ, ಅತ್ತೆ ಬಿಡಲಿಲ್ಲ. ತಟ್ಟೆ ತೊಳೆಯಲು ಎದ್ದೆ. ಅತ್ತೆ ಅದನ್ನೂ ಕೈಯಿಂದ ಕಸಿದುಕೊಂಡರು.

"ಮೊದಲು ಅರ್ಜಿ ಹಾಕು, ಹೋಗವ್ವಾ."