ಆಯುಧ ಪೂಜೆಗಿಟ್ಟ ವಾಚುಗಳು

ಅತ್ತಿಗುಪ್ಪೆ, ಬೆಂಗಳೂರು
13 ಅಕ್ಟೋಬರ್ 2025, ಸೋಮವಾರ

ಪ್ರೀತಿಯ ಜಗದಾಂಬಾಗೆ,

ನಿನ್ನ ಮಂಡಿನೋವು ಹೇಗಿದೆ? ಹೇಮಶ್ರೀಯ ಮನೆಯ ಮೆಟ್ಟಿಲು ಕಡಿದು ಎಂದಿದ್ದೆ, ನೀರು ಹೊತ್ತುಕೊಂಡು ಹತ್ತಬೇಡ. ಬಾಣಂತಿ ಸರಿಯಾಗಿ ಉಣ್ಣುತ್ತಾಳೆಯೇ? ಕೂಸು ನಿಮ್ಮನ್ನು ಮಲಗಲು ಬಿಡುತ್ತದೆಯೇ? ನಾನು ಚೆನ್ನಾಗಿದ್ದೇನೆ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ಫೋನಿರುವಾಗ ಕಾಗದ ಯಾಕೆ ಎನ್ನುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ‘ಹ್ಞೂಂ, ಆಮೇಲೆ?’ ಎನ್ನುತ್ತೀಯ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಕಾಗದವಾದರೆ ಕನ್ನಡಕ ಹುಡುಕಿಕೊಂಡು ಕೊನೆಯವರೆಗೆ ಓದಲೇಬೇಕು.

ವಿಷಯ ಇದು. ಸೊಸೆ ಲತಾ ವಿಜಯದಶಮಿಯ ದಿನ ಕೆಂಗೇರಿಯ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಹಬ್ಬಕ್ಕೆ ಹೋಗಿದ್ದಾಳೆ ಎಂದು ಮಗ ಬಸವಕಿರಣ ನಿನಗೆ ಹೇಳಿದ್ದಾನಂತೆ. ಅದು ಪೂರ್ತಿ ನಿಜವಲ್ಲ, ಮನಸ್ಸು ನೊಂದು ಹೋಗಿದ್ದಾಳೆ. ದೀಪಾವಳಿಗೆ ಮೊದಲು ಅವಳು ಅಳುಕಿಲ್ಲದೆ ಈ ಮನೆಗೆ ಬರಬೇಕು. ನನಗೀಗ ಇರುವುದು ಅದೊಂದೇ ಚಿಂತೆ.

ನಡೆದದ್ದೆಲ್ಲ ನಾನು ಕೂಡಿಟ್ಟ ಹಳೇ ವಾಚುಗಳಿಂದ. ನೀನು ಅವುಗಳನ್ನು ಕೇಕಿನಂಗಡಿ ಎಂದು ನಗುತ್ತಿದ್ದೆ. ನಗು, ತಪ್ಪಿಲ್ಲ. ಆದರೆ ರಾಜಾಜಿನಗರದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಲೇತ್ ಮುಂದೆ ನಿಂತು ಬೂದು ಬಣ್ಣದ ಕಬ್ಬಿಣವನ್ನೇ ನೋಡಿದ ಕಣ್ಣಿಗೆ ಆ ನೇರಳೆ ಡಯಲು, ಹಳದಿ ಮುಳ್ಳು, ಅಂಚಿಗೆ ಚದುರಂಗದ ಮನೆಗಳಂಥ ಕಪ್ಪು ಬಿಳುಪು ಚೌಕ, ಇವನ್ನು ಕಂಡರೆ ಈಗಲೂ ಹಿಗ್ಗು. ಗಂಟೆ ತೋರಿಸುವುದೂ ಅದೇ, ಗುಂಡಿ ಒತ್ತಿದರೆ ಸ್ಟಾಪ್‌ವಾಚಾಗುವುದೂ ಅದೇ. ಅಷ್ಟು ನಕ್ಕವಳು ನೀನೂ ಕಿತ್ತಳೆ ಬಣ್ಣದ್ದೊಂದನ್ನು ಎತ್ತಿಕೊಂಡು ಒಲೆಯ ಮೇಲಿನ ಮೊಳೆಗೆ ತೂಗುಹಾಕಿದೆ. ಇಡ್ಲಿ ಪಾತ್ರೆ ಇಟ್ಟ ಕೂಡಲೇ ‘ಟಕ್’ ಎಂದು ಗುಂಡಿ ಒತ್ತುತ್ತಿದ್ದೆ. ನೀನು ಹೇಮಾಳ ಬಾಣಂತನಕ್ಕೆ ಹಾವೇರಿಗೆ ಹೊರಟ ಮೇಲೆ ಒಗ್ಗರಣೆ ಸಿಡಿಯದಿರಲಿ ಎಂದು ನಾನು ಅದನ್ನು ಪೆಟ್ಟಿಗೆಗೆ ಸೇರಿಸಿದ್ದೆ.

ಪ್ರತಿ ವರ್ಷ ಆಯುಧ ಪೂಜೆಗೆ ನೀನು ಪೆಟ್ಟಿಗೆಯ ಮುಚ್ಚಳಕ್ಕೆ ಮಾತ್ರ ವಿಭೂತಿ ಹಚ್ಚಿ ಹೂವಿಡುತ್ತಿದ್ದೆ. ಈ ಸಲ ಲತಾಗೆ ನಮ್ಮ ಮನೆಯ ಮೊದಲ ಹಬ್ಬ. ‘ಮಾವ, ನಿಮ್ ಆಯುಧ ಯಾವ್ದು?’ ಎಂದು ಕೇಳಿದಳು. ಲೇತಿನ ಕಾಲ ಮುಗಿಯಿತು, ಈಗ ಇವೇ ಎಂದು ಪೆಟ್ಟಿಗೆ ಬಿಚ್ಚಿ, ‘ಚೊಕ್ಕ ಮಾಡಿ ಇಡಮ್ಮ’ ಎಂದು ನಾನೇ ಅವಳ ಕೈಗೆ ಕೊಟ್ಟು ಬೂದುಗುಂಬಳಕಾಯಿ ತರಲು ವಿಜಯನಗರಕ್ಕೆ ಹೋದೆ. ಅವಳ ತವರಲ್ಲಿ ಈ ಹಬ್ಬಕ್ಕೆ ನೀರು ಕಾಣದ ಸಾಮಾನಿಲ್ಲ. ಕುಡುಗೋಲು, ಟಿಲ್ಲರು, ಹಾಲಿನ ಕ್ಯಾನು ಎಲ್ಲವನ್ನೂ ತೊಳೆದು ಕುಂಕುಮ ಇಡುತ್ತಾರೆ. ಇಲ್ಲೂ ಹಾಗೇ ಮಾಡಿದಳು. ಒಂದೊಂದು ವಾಚನ್ನೂ ನಲ್ಲಿಯಡಿ ಹಿಡಿದು ತಿಕ್ಕಿ, ಎರಡು ಗುಂಡಿಗಳ ನಡುವೆ ನೀರಲ್ಲಿ ಕಲಸಿದ ಕುಂಕುಮ ಇಟ್ಟಳು. ನಾನು ಬಂದಾಗ ತಟ್ಟೆಯಲ್ಲಿ ಅವು ಸಾಲಾಗಿ ಮದುವೆಗೆ ಹೊರಟವರಂತೆ ಕೂತಿದ್ದವು. ಹಳೇ ವಾಚುಗಳಲ್ಲಿ ಗುಂಡಿಯ ಸುತ್ತಲಿನ ರಬ್ಬರು ಒಣಗಿ ಬಿರುಕು ಬಿಟ್ಟಿರುತ್ತದೆ. ಉಳಿದವು ಹೇಗೋ ಬಚಾವಾದವು, ಒಂದರ ಗಾಜಿನೊಳಗೆ ಮಾತ್ರ ಮಂಜು ಕಟ್ಟಿತ್ತು.

ನಾನು ಅದನ್ನೆತ್ತಿ ಬಟ್ಟೆಯಲ್ಲಿ ಒರೆಸತೊಡಗಿದೆ. ಅಷ್ಟರಲ್ಲಿ ಕಿರಣ ಅಂದ. ‘ಇದೇನು ನಿಮ್ಮಪ್ಪನ ಟ್ರ್ಯಾಕ್ಟರೇನೇ, ಪೈಪ್ ಬಿಟ್ಟು ತೊಳಿಯೋಕೆ?’ ಅವಳು ನಮಗೆಲ್ಲ ಹೋಳಿಗೆ ಬಡಿಸಿದಳು, ತಾನು ತಿನ್ನಲಿಲ್ಲ. ಬೆಳಗ್ಗೆ ಹೊರಟುಬಿಟ್ಟಳು. ಆಮೇಲೆ ಕಿರಣ ಹೋಗಿ ತಪ್ಪಾಯಿತು ಎಂದು ಬಂದಿದ್ದಾನೆ, ಅದನ್ನೂ ಬರೆಯಬೇಕು.

ಆ ವಾಚನ್ನು ಬಿಚ್ಚಿ, ಒಣಗಿಸಿ, ಎಣ್ಣೆ ಬಿಟ್ಟೆ. ಓಡುತ್ತಿದೆ. ಆದರೆ ನಿಮಿಷ ಎಣಿಸುವ ಪುಟ್ಟ ವೃತ್ತದಲ್ಲಿ ಕುಂಕುಮದ ನೀರು ಒಣಗಿ ಕೆಂಪು ಕಲೆಯಾಗಿದೆ. ರಾಜ್‌ಕುಮಾರ್ ರಸ್ತೆಯಲ್ಲಿ ವಾಚಿನಂಗಡಿ ಇಟ್ಟಿರುವ ಗಂಗಾಧರಯ್ಯ, ‘ಡಯಲ್ಗೆ ಹೊಸಾ ಬಣ್ಣ ಹೊಡಿಸ್ಬಿಡಿ ಸಾರ್, ಫಳಫಳ ಅನ್ನುತ್ತೆ’ ಎಂದರು. ಬೇಡ ಎಂದೆ. ಹೊಸ ಬಣ್ಣ ಬಳಿದ ಡಯಲಿನ ವಾಚನ್ನು ನಾನು ಯಾವತ್ತೂ ಕೊಂಡವನಲ್ಲ. ಮಾಸಲಿ, ಕಲೆಯಾಗಲಿ, ಅದರ ಮುಖ ಅದರದ್ದೇ ಇರಬೇಕು.

ನಿನ್ನೆ ಅದನ್ನು ಜೇಬಿನಲ್ಲಿಟ್ಟುಕೊಂಡು ಮೆಟ್ರೋದಲ್ಲಿ ಕೆಂಗೇರಿಗೆ ಹೋದೆ. ಬೀಗರು ಚಿಕ್ಕಣ್ಣ ನಗುತ್ತಲೇ, ‘ನಮ್ ಹುಡುಗೀಗೆ ತೊಳಿ ಅಂದ್ರೆ ಮುಗೀತು ಬೀಗ್ರೇ, ನಿಮ್ಮನ್ನ ನಿಲ್ಸಿದ್ರೂ ತೊಳೆದುಬಿಡ್ತಾಳೆ’ ಎಂದರು. ಲತಾ ನಗಲಿಲ್ಲ. ವಾಚು ಕೈಗೆ ಕೊಟ್ಟೆ. ಗುಂಡಿ ಒತ್ತಿ, ಮುಳ್ಳು ಓಡುವುದನ್ನು ನೋಡುತ್ತಾ ನಿಂತಳು. ಆಮೇಲೆ ಕಲೆ ಕಣ್ಣಿಗೆ ಬಿತ್ತು. ‘ಇದು ಹೋಗಲ್ವಾ ಮಾವ?’ ಇಲ್ಲಮ್ಮ ಎಂದೆ. ‘ಅತ್ತೆಗೆ ಗೊತ್ತಾ?’ ಎಂದಳು. ಅವಳಿಗೆ ಕಿರಣನ ಮಾತಿಗಿಂತ ನಿನ್ನದೇ ಹೆದರಿಕೆ. ಬೇರೆ ಜಾತಿಯ ಹುಡುಗಿ ಎಂದು ನಿನಗಿದ್ದ ಮುನಿಸು ಅವಳಿಗೆ ತಿಳಿಯದ್ದಲ್ಲ. ಮದುವೆಯಾದ ಮೇಲೆ ನೀನು ಅವಳ ಹತ್ತಿರ ಕೂತು ಮಾತಾಡಿದ್ದೇ ಕಡಿಮೆ. ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತೇನೆ ಎಂದೆ. ‘ಅತ್ತೆ ಏನಂತಾರೋ ಕೇಳ್ಕೊಂಡು ಹೇಳ್ತೀನಿ ಮಾವ’ ಎಂದಳು. ವಾಚನ್ನು ಸೆರಗಲ್ಲಿ ಒರೆಸಿ ನನಗೇ ಕೊಟ್ಟಳು.

ಹೇಮಾಗೂ ಕೂಸಿಗೂ ಈ ತಾತನ ತುಂಬು ಹರಕೆ. ಅಳಿಯಂದಿರನ್ನು ಕೇಳಿದೆ ಎಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಶಿವಬಸಪ್ಪ

ತಾ.ಕ.: ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು, ಬೇಗ ಬರೆಯುತ್ತಿದ್ದೇನೆ. ಕಲೆಯಾದದ್ದು ಯಾವ ವಾಚು ಎಂದು ಮೇಲೆ ಬರೆಯಲು ಕೈ ಬರಲಿಲ್ಲ. ಅದು ನಿನ್ನ ಇಡ್ಲಿ ವಾಚು. ಲತಾ ಅದನ್ನೂ ನನ್ನದೆಂದೇ ತಿಳಿದಿದ್ದಾಳೆ. ನಾನು ಹೇಳಿದರೆ ಅವಳು ಈ ಕಡೆ ತಲೆ ಹಾಕುವುದಿಲ್ಲ. ಶುಕ್ರವಾರದೊಳಗೆ ನೀನೇ ಫೋನ್ ಮಾಡಿ ಹೇಳು, ಮೊದಲು ಊಟವಾಯಿತಾ ಎಂದು ಕೇಳು. ಇನ್ನೊಂದು, ಇವತ್ತು ನಾನೇ ಇಡ್ಲಿ ಇಟ್ಟು ನೋಡಿದೆ. ಪುಟ್ಟ ಮುಳ್ಳು ಆ ಕೆಂಪು ಮುಟ್ಟುವ ಹೊತ್ತಿಗೆ ಇಡ್ಲಿ ಸರಿಯಾಗಿ ಬೆಂದಿರುತ್ತದೆ. ಇದನ್ನೂ ಅವಳಿಗೆ ಹೇಳು.